ಒಂದು ಏಟಿಗೆ ಎಷ್ಟು ಹೊತ್ತು?

ಕಳೆದ ಆಟಿಯ ಒಂದು ಆದಿತ್ಯವಾರ. ಹೊರಗೆ ಜಡಿಮಳೆ. ನಮ್ಮ ಮನೆಯ ಚಾವಡಿಯಲ್ಲಿ ಮಗನೂ ಅವನ ಮೂವರು ಗೆಳೆಯರೂ ಮೇಜಿನ ಸುತ್ತ ಕುಳಿತಿದ್ದರು. ಮೇಜಿನ ಮೇಲೆ ಚೌಕುಳಿ ಕಾಗದ, ಪೆನ್ಸಿಲು, ಒಂದು ಮುಷ್ಟಿ ಹುಣಸೆಬೀಜ. ಜೊತೆಗೆ ನಾನು ಅದುವರೆಗೆ ಕಾಣದ ಕೆಲವು ದಾಳಗಳು. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು. ಹುಣಸೆಬೀಜಗಳು ಶತ್ರು ಸೈನಿಕರಂತೆ. ಊಟಕ್ಕೆ ಮೊದಲೇ ಒಂದು ಕೋಟೆಯ ಮೆಟ್ಟಿಲ ಮೇಲೆ ಅವರ ಹೊಡೆದಾಟ ಶುರುವಾಗಿತ್ತು. ಊಟ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು ಎದ್ದು ಬಂದಾಗಲೂ ಅದೇ ಮೆಟ್ಟಿಲು, ಅದೇ ಹೊಡೆದಾಟ.

“ಇನ್ನೂ ಮುಗಿಯಲಿಲ್ಲವಾ?” ಎಂದೆ.

“ಮುಗಿಯುವುದು ಹೇಗಪ್ಪಾ? ಶುರುವಾಗಿ ಇಪ್ಪತ್ತನಾಲ್ಕು ಸೆಕೆಂಡು ಆದದ್ದಷ್ಟೆ” ಎಂದ ಮಗ. ಗೆಳೆಯರು ನಕ್ಕರು.

ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತ ಬಂದವನಿಗೆ ಈ ಲೆಕ್ಕ ಸುಲಭದಲ್ಲಿ ಹೊಂದಲಿಲ್ಲ. ಎರಡು ಗಂಟೆಯ ಆಟದಲ್ಲಿ ಸಂದ ಕಾಲ ಇಪ್ಪತ್ತನಾಲ್ಕು ಸೆಕೆಂಡು! ನಾನು ಒಪ್ಪದಿರುವುದನ್ನು ಕಂಡು ಮಗ ಫೋನನ್ನು ಮುಂದೆ ಹಿಡಿದ. ಅದರಲ್ಲಿ ಒಂದು ಸೊನ್ನೆ, ನಾಲ್ಕೈದು ಗೀಟು ಇಷ್ಟರಿಂದಲೇ ಆದ ಒಬ್ಬ ಮನುಷ್ಯ. ಅಂತಹುದೇ ಹತ್ತಾರು ಗೀಟುಮನುಷ್ಯರು ಅವನ ಮೇಲೆ ಬೀಳುತ್ತಿದ್ದರು. ಅವನು ಒಬ್ಬನ ಕೈಯ ಕೋಲು ಕಸಿದು, ಇನ್ನೊಬ್ಬನ ಹೆಗಲೇರಿ, ಮೂರನೆಯವನನ್ನು ಮೆಟ್ಟಿಲಿನಿಂದ ಉರುಳಿಸಿ ಮುಂದೆ ಹೋಗುತ್ತಿದ್ದ. “ಇದನ್ನು ನೋಡಿಯೇ ನಾವು ಈ ಮೆಟ್ಟಿಲ ಕಾಳಗ ಕಟ್ಟಿದ್ದು” ಎಂದ ಮಗ. “ಇದನ್ನು ಮಾಡಿದವನಿಗೆ ಎಷ್ಟು ಹೊತ್ತು ಹಿಡಿದಿರಬಹುದು?” ಎಂದು ಕೇಳಿದೆ. ಅವನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹಿಡಿದು ಹೋದಾಗ ನನಗೆ ಸಿಕ್ಕಿದ ಸಂಗತಿಗಳನ್ನು ನಮ್ಮ ವಾರ್ಷಿಕದ ಓದುಗರ ಮುಂದೆ ಇಡುತ್ತಿದ್ದೇನೆ. ಇವು ಹೊರದೇಶದ ಸಂಗತಿಗಳು. ಆದರೆ ನಮ್ಮ ಮಕ್ಕಳ ಮೇಜಿನ ಮೇಲೆಯೇ ಬಂದು ಕುಳಿತಿರುವಾಗ ಅವುಗಳ ಪೂರ್ವಾಪರ ತಿಳಿದಿರುವುದು ಒಳ್ಳೆಯದು.

ಮೊದಲು ಆಟದ ಬಗ್ಗೆ ಎರಡು ಮಾತು. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಅರ್ಥಧಾರಿಗಳು ವೇಷವಿಲ್ಲದೆ ಕುಳಿತಲ್ಲೇ ಕುಳಿತು ಮಾತಿನಿಂದಲೇ ಕರ್ಣಾರ್ಜುನರಾಗುವ ಹಾಗೆ, ಇಲ್ಲಿಯೂ ಪ್ರತಿಯೊಬ್ಬನೂ ಒಂದೊಂದು ಪಾತ್ರವಾಗುತ್ತಾನೆ. ವ್ಯತ್ಯಾಸ ಎರಡು. ಇಲ್ಲಿ ಪ್ರಸಂಗವೆಂಬುದು ಮೊದಲೇ ಇರುವುದಿಲ್ಲ. ಒಬ್ಬ ಸೂತ್ರಧಾರ ಸನ್ನಿವೇಶವನ್ನು ಹೇಳುತ್ತಾನೆ, ಉಳಿದವರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಇನ್ನೊಂದು, ಹೇಳಿದ್ದು ನಡೆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕಾಳಗದಲ್ಲಿ ಸರದಿಯಂತೆ ಎಲ್ಲರಿಗೂ ಒಂದೊಂದು ಅವಕಾಶ. ಎಲ್ಲರ ಸರದಿ ಒಮ್ಮೆ ಮುಗಿದರೆ ಒಂದು ಸುತ್ತು. ಆ ಒಂದು ಸುತ್ತು ಕಥೆಯೊಳಗೆ ಎಷ್ಟು ಕಾಲಕ್ಕೆ ಸಮ ಎಂಬ ಪ್ರಶ್ನೆಯೇ ಈ ಚರಿತ್ರೆಯನ್ನು ಬಿಡಿಸುವ ಎಳೆ ಎಂದರೆ ತಪ್ಪಾಗಲಾರದು.

ಎಳೆಯ ತುದಿ ಇರುವುದು ಪ್ರಷ್ಯ ದೇಶದಲ್ಲಿ. ಅಲ್ಲಿಯ ರೈಸ್‌ವಿಟ್ಸ್ ಎಂಬ ಮನೆತನದ ತಂದೆಯೊಬ್ಬರು 1812ರಲ್ಲಿ ರಾಜ ಮೂರನೆಯ ಫ್ರೆಡರಿಕ್ ವಿಲಿಯಂನಿಗೆ ಯುದ್ಧದ ಆಟವೊಂದನ್ನು ಒಪ್ಪಿಸಿದರು. ದೊಡ್ಡ ಮೇಜು, ಅದರ ಮೇಲೆ ಬೆಟ್ಟ, ಹೊಳೆ, ರಸ್ತೆಗಳ ಅಚ್ಚುಗಳನ್ನು ಬೇಕಾದಂತೆ ಜೋಡಿಸಬಹುದು. ರಾಜಕುಮಾರರು ಅದನ್ನು ಆಡಿದರು. ಫಿರಂಗಿದಳದ ಅಧಿಕಾರಿಯಾಗಿದ್ದ ಅವರ ಮಗ ಆ ಆಟವನ್ನು ಇನ್ನಷ್ಟು ತಿದ್ದಿ 1824ರಲ್ಲಿ ಪ್ರಕಟಿಸಿದ. ಹೆಸರು ಕ್ರೀಗ್‌ಸ್ಪೀಲ್, ಅಂದರೆ ಯುದ್ಧದಾಟ. ಅಚ್ಚುಗಳ ಬದಲಿಗೆ ನಿಜವಾದ ಭೂಪಟ ಬಂತು. ಎರಡು ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥ ಕುಳಿತ. ಗುಂಡು ತಗಲಿತೋ ತಪ್ಪಿತೋ ಎಂಬುದಕ್ಕೆ ದಾಳ ಬಂತು. ಒಂದು ಸುತ್ತೆಂದರೆ ಎರಡು ನಿಮಿಷ ಎಂದು ಆತ ಗೊತ್ತುಮಾಡಿದ. ಎರಡು ನಿಮಿಷದಲ್ಲಿ ಒಂದು ಪಡೆ ಎಷ್ಟು ದೂರ ನಡೆದೀತು, ಎಷ್ಟು ಗುಂಡು ಹಾರಿಸೀತು ಎಂಬುದರ ಮೇಲೆ ಉಳಿದ ಲೆಕ್ಕವೆಲ್ಲ ನಿಂತಿತು. ಸೇನೆಯ ಮುಖ್ಯಾಧಿಕಾರಿ ಫಾನ್ ಮ್ಯೂಫ್ಲಿಂಗ್ ಅದನ್ನು ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದರು. ಆದರೆ ಆಟವನ್ನು ತಿದ್ದಿದ ಮಗನಿಗೆ ಅದರಿಂದ ಸುಖ ಸಿಗಲಿಲ್ಲ. 1827ರಲ್ಲಿ ಆತ ತನ್ನ ಜೀವವನ್ನು ತಾನೇ ಕಳೆದುಕೊಂಡ. ಆಟ ಮಾತ್ರ ಉಳಿಯಿತು.

ಎರಡು ನಿಮಿಷದ ಈ ಸುತ್ತಿನಲ್ಲಿ ಮನುಷ್ಯ ಕಾಣುವುದಿಲ್ಲ. ಗುಡ್ಡದ ಮೇಲೆ ನಿಂತ ದಳಪತಿಯ ಕಣ್ಣಿಗೆ ಪಡೆ ಕಾಣುತ್ತದೆ, ಹೊಗೆ ಕಾಣುತ್ತದೆ. ಯಾವನ ಕತ್ತಿ ಯಾವನಿಗೆ ತಗಲಿತೆಂದು ಕಾಣುವುದಿಲ್ಲ. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು, ತವರದ ಸೈನಿಕರನ್ನೂ ಆಟಿಕೆ ಫಿರಂಗಿಗಳನ್ನೂ ಇಟ್ಟುಕೊಂಡು ಮನೆಯ ನೆಲದ ಮೇಲೆ ಆಡುವ ಕ್ರಮವನ್ನು ತಿಳಿಸಿದರು. ಅವರ ಆಟದಲ್ಲಿ ಗಡಿಯಾರ ಹಿಡಿದು ಸರದಿಯ ಹೊತ್ತನ್ನು ಅಳೆಯುತ್ತಿದ್ದರು. ಹೀಗೆ ದೊರೆಗಳ ಆಟ ಜನಸಾಮಾನ್ಯರ ಮನೆಗೆ ಬಂತು. ಆದರೂ ಅದು ಪಡೆಗಳ ಆಟವೇ ಆಗಿತ್ತು.

ಅಲ್ಲಿಂದ ಅಮೆರಿಕಕ್ಕೆ ಹೋಗೋಣ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬವರಿದ್ದರು. ಶಿಕಾಗೊದ ವಿಮಾ ಕಚೇರಿಯೊಂದರಲ್ಲಿ ನೌಕರಿ. ರಜೆಯಲ್ಲಿ ಯುದ್ಧದ ಆಟ. 1970ರಲ್ಲಿ ಆ ನೌಕರಿ ಹೋಯಿತು. ಸಂಸಾರ ನಡೆಸಲು ಅವರು ಮನೆಯಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡತೊಡಗಿದರು. ಆಟವನ್ನು ಮಾತ್ರ ಬಿಡಲಿಲ್ಲ. 1971ರಲ್ಲಿ ಜೆಫ್ ಪೆರೆನ್ ಎಂಬವರೊಂದಿಗೆ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟವನ್ನು ಹೊರತಂದರು. ಅದರಲ್ಲಿ ಒಂದು ಗೊಂಬೆ ಇಪ್ಪತ್ತು ಸೈನಿಕರಿಗೆ ಸಮ. ಸುತ್ತಿಗೆ ಒಂದು ನಿಮಿಷ. ಆದರೆ ಅದೇ ಪುಸ್ತಕದಲ್ಲಿ ಒಬ್ಬನಿಗೊಬ್ಬ ಎದುರಾಗಿ ಹೊಡೆದಾಡುವ ನಿಯಮಗಳೂ, ಮಂತ್ರವಾದಿ ರಾಕ್ಷಸರ ಒಂದು ಅನುಬಂಧವೂ ಇದ್ದುವು.

ನೆರೆಯ ಮಿನೆಸೋಟದಲ್ಲಿ ಡೇವ್ ಅರ್ನೆಸನ್ ಎಂಬ ತರುಣ ಆ ಪುಸ್ತಕವನ್ನು ಓದಿದ. ಒಂದು ವಾರಾಂತ್ಯದಲ್ಲಿ ಟೆಲಿವಿಷನ್ನಿನಲ್ಲಿ ಭಯಂಕರ ಪ್ರಾಣಿಗಳ ನಾಲ್ಕೈದು ಸಿನಿಮಾಗಳನ್ನು ಸಾಲಾಗಿ ನೋಡಿ, ಸಾಹಸದ ಕತೆಗಳನ್ನು ಓದಿ ತನಗೆ ಹೊಸ ಆಟದ ಹೊಳಹು ಸಿಕ್ಕಿತೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ‘ಬ್ಲ್ಯಾಕ್‌ಮೂರ್’ ಎಂಬ ಆ ಆಟದಲ್ಲಿ ಇಪ್ಪತ್ತು ಜನರಿಗೆ ಒಂದು ಗೊಂಬೆಯಲ್ಲ. ಒಬ್ಬ ಆಟಗಾರನಿಗೆ ಒಬ್ಬನೇ ಮನುಷ್ಯ. ಆಗ ಒಂದು ತೊಡಕು ಎದುರಾಯಿತು. ತಿಂಗಳುಗಟ್ಟಲೆ ಸಾಕಿದ ತನ್ನ ವೀರ ಒಂದೇ ಏಟಿಗೆ ಸತ್ತರೆ ಯಾರು ಒಪ್ಪುತ್ತಾರೆ? ಉಕ್ಕಿನ ಹಡಗುಗಳ ಆಟವೊಂದರಲ್ಲಿ ಹಡಗು ಎಷ್ಟು ಏಟು ತಾಳೀತೆಂಬುದಕ್ಕೆ ಆತ ಅಂಕಿ ಇಟ್ಟಿದ್ದ. ಅದನ್ನೇ ಮನುಷ್ಯರಿಗೂ ತಂದ. ಇಂದು ಕಂಪ್ಯೂಟರ್ ಆಟಗಳಲ್ಲಿ ತಲೆಯ ಮೇಲೆ ಕರಗುತ್ತ ಬರುವ ಜೀವದ ಪಟ್ಟಿಯನ್ನು ಮಕ್ಕಳೆಲ್ಲ ಬಲ್ಲರು. ಅದರ ಮೂಲದಲ್ಲಿ ಒಂದು ಹಡಗಿದೆ ಎಂಬುದು ಸೋಜಿಗದ ಸಂಗತಿಯಲ್ಲವೆ?

ಗೈಗ್ಯಾಕ್ಸ್ ಮತ್ತು ಅರ್ನೆಸನ್ ಕೂಡಿ ಸಿದ್ಧಪಡಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರ ಜನವರಿಯಲ್ಲಿ ಹೊರಬಂತು. ಮೂರು ಸಣ್ಣ ಪುಸ್ತಕ, ಒಂದು ಪೆಟ್ಟಿಗೆ, 10 ಡಾಲರು, ಮೊದಲ ಮುದ್ರಣ 1000 ಪ್ರತಿ. ಈ ಆಟದಲ್ಲೂ ಸುತ್ತಿಗೆ ಒಂದು ನಿಮಿಷವೇ ಉಳಿಯಿತು. ಒಂದು ನಿಮಿಷದಲ್ಲಿ ಒಂದೇ ಏಟು! ಕತ್ತಿ ಹಿಡಿದು ಎದುರೆದುರು ನಿಂತ ಇಬ್ಬರು ಅರುವತ್ತು ಸೆಕೆಂಡಿನಲ್ಲಿ ಒಮ್ಮೆ ಮಾತ್ರ ಬೀಸುತ್ತಾರೆಯೆ? ಆಟಗಾರರು ಕೇಳದೆ ಬಿಡಲಿಲ್ಲ. 1979ರ ತಮ್ಮ ದೊಡ್ಡ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಇದಕ್ಕೆ ಸಮಾಧಾನ ಹೇಳಿದರು. ಆ ನಿಮಿಷದೊಳಗೆ ಹುಸಿ ಏಟು, ತಡೆ, ಹಿಂದೆ ಸರಿಯುವುದು, ಮುಂದೆ ನುಗ್ಗುವುದು ಎಲ್ಲವೂ ಇರುತ್ತದೆ. ದಾಳ ಹೇಳುವುದು ಅವುಗಳಲ್ಲಿ ನಾಟಬಹುದಾದ ಒಂದರ ಫಲವನ್ನು ಮಾತ್ರ. ಕಳೆಯುವ ಅಂಕಿ ಕೂಡ ಬರಿಯ ರಕ್ತಮಾಂಸದ್ದಲ್ಲ. ಚಾತುರ್ಯ, ಅದೃಷ್ಟ ಎಲ್ಲ ಅದರಲ್ಲಿ ಸೇರಿದೆ ಎಂಬುದು ಅವರ ವಾದ.

ವಾದ ಸರಿಯಾದದ್ದೇ. ಆದರೆ ಆ ಹುಸಿ ಏಟನ್ನೂ ತಡೆಯನ್ನೂ ಕಣ್ಣಿಗೆ ಕಟ್ಟುವಂತೆ ಹೇಳುವವರು ಬೇಕಲ್ಲ! ಅದಿಲ್ಲದಲ್ಲಿ ಆಟ ಹೀಗಾಗುತ್ತಿತ್ತು: ದಾಳ ಬಿತ್ತು, ತಗಲಿತು, ಆರು ಕಳೆ. ದಾಳ ಬಿತ್ತು, ತಪ್ಪಿತು, ಮುಂದಿನವ. ನಮ್ಮ ಬ್ಯಾಂಕಿನ ಜಮಾಖರ್ಚಿನ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚಿನ ರೋಮಾಂಚನವಿದೆ! ಅದಕ್ಕೇ ಇರಬೇಕು, ಕಾಲವನ್ನು ಕಡಿಮೆ ಮಾಡುತ್ತ ಹೋದರು. 1981ರ ಪ್ರವೇಶಿಕೆ ಆವೃತ್ತಿಯಲ್ಲಿ ಸುತ್ತಿಗೆ ಹತ್ತು ಸೆಕೆಂಡು. 1986ರಲ್ಲಿ ಸ್ಟೀವ್ ಜಾಕ್ಸನ್ ಎಂಬವರ ‘ಗರ್ಪ್ಸ್’ ಎಂಬ ಆಟದಲ್ಲಿ ಒಂದೇ ಸೆಕೆಂಡು. ಕತ್ತಿ ಒರೆಯಿಂದ ತೆಗೆಯುವುದಕ್ಕೇ ಒಂದು ಸರದಿ. 2000ದ ಇಸವಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿ ಆರು ಸೆಕೆಂಡಿಗೆ ಬಂದು ನಿಂತಿತು. ನನ್ನ ಮಗ ಹೇಳಿದ ಇಪ್ಪತ್ತನಾಲ್ಕು ಸೆಕೆಂಡೆಂದರೆ ನಾಲ್ಕು ಸುತ್ತು. ದಳಪತಿಯ ಎರಡು ನಿಮಿಷದಿಂದ ಹೊರಟು ಕಾಲಾಳಿನ ಆರು ಸೆಕೆಂಡಿಗೆ ಬರಲು 176 ವರ್ಷ ಹಿಡಿಯಿತು. ಕಣ್ಣು ಗುಡ್ಡದಿಂದ ಇಳಿದು ಕತ್ತಿಯ ಮೊನೆಗೆ ಬಂತು.

ಕಣ್ಣನ್ನು ಅಷ್ಟು ಹತ್ತಿರಕ್ಕೆ ಎಳೆದದ್ದರಲ್ಲಿ ತೆರೆಯ ಪಾಲು ದೊಡ್ಡದು. ಅರ್ನೆಸನ್ ನೋಡಿದಂಥ ಸಿನಿಮಾಗಳ ಹಿಂದೆ ಇನ್ನೊಂದು ಲೆಕ್ಕವಿದೆ. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಚಿತ್ರಗಳು ಬೇಕು. 1933ರಲ್ಲಿ ‘ಕಿಂಗ್ ಕಾಂಗ್’ ಬಂದಾಗ ಲಾಸ್ ಏಂಜಲಿಸ್‌ನ ಬಾಲಕನೊಬ್ಬ, ದೈತ್ಯ ವಾನರ ಮತ್ತು ಡೈನೊಸಾರಿನ ಹೊಡೆದಾಟ ನೋಡಿ ಮರುಳಾದ. ಹೆಸರು ರೇ ಹ್ಯಾರಿಹೌಸನ್. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು ಎಂಬ ಗುಟ್ಟನ್ನು ತಿಳಿದುಕೊಂಡು ಮನೆಯಲ್ಲೇ ಅಭ್ಯಾಸಕ್ಕೆ ತೊಡಗಿದ. ಯಂತ್ರದ ಕೆಲಸ ಬಲ್ಲ ತಂದೆ ಗೊಂಬೆಗಳ ಒಳಗಿನ ಲೋಹದ ಕೀಲುಗಳನ್ನು ಮಾಡಿಕೊಟ್ಟರು. ತಾಯಿ ಗೊಂಬೆಗಳಿಗೆ ಉಡುಪು ಹೊಲಿದರು. ಅಭಿಮಾನಿಯೊಬ್ಬ ಮನೆಯಲ್ಲಿ ಕುಳಿತು ಮಾಡಿದ ಚಲನಚಿತ್ರವೆಂದರೆ ಇದೇ ಅಲ್ಲವೆ? ಅದೇ ಹುಡುಗ ಬೆಳೆದು 1963ರ ‘ಜೇಸನ್ ಅಂಡ್ ದ ಆರ್ಗೊನಾಟ್ಸ್’ ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ಮನುಷ್ಯರೊಂದಿಗೆ ಕತ್ತಿ ಹಿಡಿದು ಹೋರಾಡುವ ದೃಶ್ಯವನ್ನು ಮಾಡಿದ. ತಲೆ, ಎರಡು ಕೈ, ಎರಡು ಕಾಲು. ಒಂದೊಂದು ಚಿತ್ರಕ್ಕೂ ಏಳು ಗೊಂಬೆಗಳ ಐದೈದು ಅಂಗ ಸರಿಸಬೇಕು. ಕೆಲವೇ ನಿಮಿಷದ ಆ ಕಾಳಗಕ್ಕೆ ನಾಲ್ಕೂವರೆ ತಿಂಗಳು ಹಿಡಿಯಿತು. ಮಗನಲ್ಲಿ ನಾನು ಕೇಳಿದ ಪ್ರಶ್ನೆಗೆ ಸಿಕ್ಕಿದ ಮೊದಲ ಉತ್ತರ ಇದು.

ಇನ್ನು ನಮ್ಮ ಕಾಲದ ಮಾತು. 1996ರಲ್ಲಿ ರಾಬಿನ್ ಲಾಸ್ ಎಂಬವರು ಹಾಂಗ್‌ಕಾಂಗ್‌ನ ಹೊಡೆದಾಟದ ಸಿನಿಮಾಗಳನ್ನೇ ಮಾದರಿಯಾಗಿಟ್ಟು ‘ಫೆಂಗ್ ಶೂಯಿ’ ಎಂಬ ಮೇಜಿನ ಆಟ ಬರೆದರು. ಅದರಲ್ಲಿ ಹೆಸರಿಲ್ಲದ ಸಣ್ಣಪುಟ್ಟ ಶತ್ರುಗಳ ಜೀವದ ಅಂಕಿಯನ್ನು ಎಣಿಸುತ್ತ ಕೂರಬೇಕಾಗಿಲ್ಲ. ಒಂದು ಒಳ್ಳೆಯ ಏಟಿಗೆ ಬಿದ್ದರು, ಮುಗಿಯಿತು. 2001ರ ‘ಎಕ್ಸಾಲ್ಟೆಡ್’ ಎಂಬ ಆಟ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಟಗಾರ ತನ್ನ ಏಟನ್ನು ಸೊಗಸಾಗಿ ವರ್ಣಿಸಿದರೆ ಅವನಿಗೆ ಹೆಚ್ಚುವರಿ ದಾಳ. ಮಾತಿಗೆ ಬೆಲೆ ಬಂತು! ಅಂಕಿಯ ಆಟದೊಳಗೆ ಮತ್ತೆ ಅರ್ಥಗಾರಿಕೆ ಪ್ರವೇಶಿಸಿತು ಎಂದು ನಾವು ಹೇಳಬಹುದು.

ಆದರೆ ವರ್ಣಿಸಬೇಕಾದರೆ ಕಣ್ಣಲ್ಲಿ ಏನಾದರೂ ತುಂಬಿಕೊಂಡಿರಬೇಕಲ್ಲ? ಅದನ್ನು ತುಂಬಿದವರಲ್ಲಿ ಹೆಸರು ಹೇಳಬೇಕಾದವರು ಮೂವರು. ಮೊದಲನೆಯವರು ಚೀನದ ಝೂ ಝಿಚಿಯಾಂಗ್. 2000ದ ಇಸವಿಯಿಂದ ಅವರು ‘ಶಿಯಾವ್ ಶಿಯಾವ್’ ಎಂಬ ಸರಣಿಯಲ್ಲಿ ಗೀಟುಮನುಷ್ಯರ ಕಾಳಗಗಳನ್ನು ಮಾಡಿದರು. ಕಣ್ಣು, ಮೂಗು, ಬಟ್ಟೆ ಒಂದೂ ಇಲ್ಲ, ಚಲನೆ ಮಾತ್ರ. ಎರಡನೆಯವರು ಅಮೆರಿಕದ ಅಲನ್ ಬೆಕರ್. 2006ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ಚಿತ್ರ ಬರೆದವನ ಮೇಲೆಯೇ ಗೀಟುಮನುಷ್ಯ ತಿರುಗಿಬಿದ್ದು ಕಂಪ್ಯೂಟರಿನ ಪರದೆಯಲ್ಲಿರುವ ವಸ್ತುಗಳನ್ನೇ ಆಯುಧ ಮಾಡಿಕೊಳ್ಳುವ ಚಿತ್ರವನ್ನು ಮಾಡಿದರು. ಮೂರನೆಯವರು ಮಾಂಟಿ ಓಮ್. 1981ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಏಷ್ಯ ಮೂಲದ ಇವರು ಈ ವಿದ್ಯೆಯನ್ನು ತಾನಾಗಿಯೇ ಕಲಿತವರು. 2007ರಲ್ಲಿ ಎರಡು ಬೇರೆಬೇರೆ ಕಂಪ್ಯೂಟರ್ ಆಟಗಳ ವೀರರನ್ನು ಎದುರುಬದುರು ನಿಲ್ಲಿಸಿ ‘ಹೇಲಾಯ್ಡ್’ ಎಂಬ ಕಾಳಗವನ್ನು, ಅದೇ ವರ್ಷ ‘ಡೆಡ್ ಫ್ಯಾಂಟಸಿ’ಯನ್ನು ಮಾಡಿ ಜಗತ್ತಿಗೆ ಬಿಟ್ಟರು. ಅದನ್ನು ನೋಡಿದವರಿಂದ ಅವರಿಗೆ ಕೆಲಸ ಸಿಕ್ಕಿತು. 2013ರಲ್ಲಿ ಅವರದೇ ಆದ ‘ರೂಬಿ’ ಎಂಬ ಮಾಲಿಕೆ ಶುರುವಾಯಿತು. 2015ರ ಫೆಬ್ರವರಿಯಲ್ಲಿ, 33ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರಿಲ್ಲದೆಯೂ ಆ ಮಾಲಿಕೆ ವರ್ಷಗಟ್ಟಲೆ ನಡೆಯಿತು. ಅದರ ಅಭಿಮಾನಿಗಳು ಆ ಲೋಕವನ್ನು ಮೇಜಿನ ಮೇಲೆ ಆಡಲು ತಮ್ಮದೇ ನಿಯಮಗಳನ್ನೂ ಬರೆದುಕೊಂಡರು. ಮೇಜಿನಿಂದ ಕಂಪ್ಯೂಟರಿಗೆ ಹೋದದ್ದು ಚಿತ್ರವಾಗಿ ಮರಳಿ ಮೇಜಿಗೆ ಬಂತು.

ಈ ಚಿತ್ರಗಳಿಂದ ಆಟಗಾರರು ಕಲಿಯುವುದೇನು? ನಾನು ಹುಡುಗರ ಬಳಿ ಕುಳಿತು ಕಂಡದ್ದನ್ನು ಹೇಳುತ್ತೇನೆ. ಮೊದಲನೆಯದು ನೆಲದ ಬಳಕೆ. ಒಳ್ಳೆಯ ಕಾಳಗ ಬಯಲಿನಲ್ಲಿ ನಡೆಯುವುದಿಲ್ಲ. ಮೆಟ್ಟಿಲು, ಕಂಬ, ತೂಗುದೀಪ, ಬಾಗಿಲು ಬೇಕು. ಎರಡನೆಯದು, ಪ್ರತಿ ಏಟಿನಿಂದಲೂ ಏನಾದರೊಂದು ಬದಲಾಗಬೇಕು. ಆಯುಧ ಕೈಜಾರಬೇಕು, ಮೇಲಿದ್ದವ ಕೆಳಗಾಗಬೇಕು, ಇಲ್ಲವೇ ಹಾದಿ ಮುಚ್ಚಬೇಕು. ಬರಿದೇ ಆರು ಕಳೆದರೆ ಕಾಳಗ ನಿಂತಲ್ಲೇ ನಿಲ್ಲುತ್ತದೆ. ಮೂರನೆಯದು, ಎಲ್ಲರನ್ನೂ ಕೊಲ್ಲುವುದು ಗುರಿಯಲ್ಲ. ಮೇಲಿನ ಬಾಗಿಲನ್ನು ಮುಟ್ಟುವುದು ಗುರಿ. ಗೀಟುಮನುಷ್ಯನಿಗೆ ಮುಖವಿಲ್ಲದಿದ್ದರೂ ಅವನು ಎಲ್ಲಿಗೆ ಹೋಗಬೇಕೆಂದಿದ್ದಾನೆ ಎಂಬುದು ನಮಗೆ ತಿಳಿಯುತ್ತದೆ. ಅದು ತಿಳಿಯದ ಚಿತ್ರಗಳೂ ಬೇಕಾದಷ್ಟಿವೆ. ಅವನ್ನು ಎರಡು ನಿಮಿಷ ನೋಡುವಾಗ ಕಣ್ಣು ದಣಿಯುತ್ತದೆ, ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ.

ಕಲಿಯಲಾಗದ್ದೂ ಒಂದಿದೆ. ಚಿತ್ರ ಮಾಡುವವನ ಕೈಯಲ್ಲಿ ಎರಡೂ ಪಕ್ಷಗಳಿರುತ್ತವೆ. ಏಟು ಹಾಕುವವನೂ ಅವನೇ, ತಿನ್ನುವವನೂ ಅವನೇ. ಮೇಜಿನ ಮೇಲೆ ಹಾಗಲ್ಲ. ಅಂದು ಸೂತ್ರಧಾರನಾಗಿದ್ದ ನನ್ನ ಮಗ ಫೋನಿನಲ್ಲಿ ಕಂಡಂತೆಯೇ ಕಾಳಗವನ್ನು ಮೊದಲೇ ಹೊಂದಿಸಿಟ್ಟಿದ್ದ: ಗೆಳೆಯನ ವೀರ ತೂಗುದೀಪದ ಹಗ್ಗ ಹಿಡಿದು ಮೆಟ್ಟಿಲ ತುದಿಗೆ ಹಾರಬೇಕು. ಗೆಳೆಯನೂ ಒಪ್ಪಿ ಉತ್ಸಾಹದಿಂದ ದಾಳ ಹಾಕಿದ. ಇಪ್ಪತ್ತು ಮುಖದ ದಾಳದಲ್ಲಿ ಬಿದ್ದದ್ದು ಒಂದು! ಹಗ್ಗ ಕಡಿಯಿತು, ವೀರ ಹುಣಸೆಬೀಜಗಳ ನಡುವೆ ಬಿದ್ದ. ಮಗನ ಮುಖ ಬಾಡಿತು. ಆದರೆ ಮುಂದಿನ ಒಂದು ಗಂಟೆ ಉಳಿದವರು ಬಾಗಿಲಿನ ಆಸೆ ಬಿಟ್ಟು ಬಿದ್ದವನನ್ನು ಎತ್ತಲು ಹಿಂದೆ ಇಳಿದು ಬಂದರು. ಮಲಯಾಳ, ಕನ್ನಡ, ಇಂಗ್ಲಿಷು ಎಲ್ಲ ಕಲಸಿದ ಭಾಷೆಯಲ್ಲಿ ನಾಲ್ವರೂ ಒಟ್ಟಿಗೆ ಬೊಬ್ಬೆ ಹಾಕುತ್ತಿದ್ದರು. ಚಿತ್ರದಲ್ಲಿ ಇಲ್ಲದ ಕಾಳಗ ಅದು. ಚಿತ್ರಕ್ಕಿಂತ ಚೆನ್ನಾಗಿತ್ತು ಎಂದು ಮಗನೇ ಆಮೇಲೆ ಒಪ್ಪಿಕೊಂಡ.

ಇಷ್ಟೆಲ್ಲ ಹೊತ್ತು ಸುರಿದು ಮಾಡಿದ್ದು ಕೊನೆಗೆ ಯಾರದು? ಇದಕ್ಕೆ ಝೂ ಅವರ ಅನುಭವ ಒಂದು ಪಾಠ. ನೈಕಿ ಎಂಬ ಪಾದರಕ್ಷೆಯ ಕಂಪನಿ ತನ್ನ ಜಾಹೀರಾತಿನಲ್ಲಿ ತನ್ನ ಗೀಟುಮನುಷ್ಯನನ್ನು ಬಳಸಿಕೊಂಡಿತೆಂದು ಅವರು ದಾವೆ ಹೂಡಿದರು. 2004ರಲ್ಲಿ ಬೀಜಿಂಗಿನ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು 3,00,000 ಯುವಾನ್ ಕೊಡಿಸಿತು. 2006ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸೊನ್ನೆಯೂ ಗೀಟುಗಳೂ ಸೇರಿದ ಇಂತಹ ಆಕೃತಿ ಹಿಂದಿನಿಂದಲೂ ಎಲ್ಲರ ಸೊತ್ತು, ಅದು ಒಬ್ಬನದಾಗಲಾರದು ಎಂಬುದು ಅದರ ಅಭಿಪ್ರಾಯ. ಕಾನೂನಿನಲ್ಲಿ ಅದು ಸರಿಯಿರಬಹುದು. ಮಾಂಟಿ ಓಮ್ ಅವರ ಮೊದಲ ಚಿತ್ರಗಳ ವೀರರೂ ಅನ್ಯರ ಸೊತ್ತೇ ಆಗಿದ್ದುದರಿಂದ ಅವನ್ನು ಮಾರುವಂತಿರಲಿಲ್ಲ. ಝೂ ಬಳಸಿದ ಫ್ಲ್ಯಾಶ್ ಎಂಬ ಸಾಧನವನ್ನು ಕೂಡ ಅದರ ಕಂಪನಿ 2020ರ ಕೊನೆಗೆ ನಿಲ್ಲಿಸಿತು. ಆಕೃತಿ ತನ್ನದಲ್ಲ, ವೀರರು ತನ್ನವರಲ್ಲ, ಸಾಧನವೂ ತನ್ನದಲ್ಲ. ಹೀಗಿರಲು ಇಂತಹವರು ತಮ್ಮದೆಂದು ಕೊಟ್ಟದ್ದು ಒಂದೇ, ಹೊತ್ತು.

ಮಕ್ಕಳು ಇಂತಹ ಹೊಡೆದಾಟಗಳಲ್ಲಿ ಮುಳುಗಿದರೆ ಕೆಟ್ಟುಹೋಗುವರೇ ಎಂಬ ಚಿಂತೆ ಹೆತ್ತವರಿಗೆ ಸಹಜ. ಅಮೆರಿಕದಲ್ಲಿ 1980ರ ದಶಕದಲ್ಲಿ ಈ ಆಟದ ವಿರುದ್ಧ ದೊಡ್ಡ ಗದ್ದಲವೇ ಎದ್ದಿತು. ಇದು ಮಾಟ ಕಲಿಸುತ್ತದೆ, ಮಕ್ಕಳ ಜೀವ ತೆಗೆಯುತ್ತದೆ ಎಂದು ಕೆಲವು ಹೆತ್ತವರು ಸಂಘ ಕಟ್ಟಿದರು. 1985ರಲ್ಲಿ ಪ್ರಸಿದ್ಧ ದೂರದರ್ಶನ ಕಾರ್ಯಕ್ರಮವೊಂದರಲ್ಲೂ ಅದರ ಚರ್ಚೆಯಾಯಿತು. ಹೆದರಿದ ಕಂಪನಿ 1989ರ ಆವೃತ್ತಿಯಲ್ಲಿ ದೆವ್ವ, ಪಿಶಾಚಿಗಳ ಹೆಸರನ್ನೇ ತೆಗೆದುಹಾಕಿತು. ಕಾಲ ಕಳೆದಂತೆ ಗದ್ದಲ ಅಡಗಿತು, ಆಟ ಉಳಿಯಿತು. ಅಂದು ಆಡಿದ ಮಕ್ಕಳೇ ಇಂದು ಹೆತ್ತವರಾಗಿದ್ದಾರೆ.

ನನಗೆ ಆ ಗದ್ದಲಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. 1979ರ ಆ ದೊಡ್ಡ ಕೈಪಿಡಿಯ ಕೊನೆಯಲ್ಲಿ ಗೈಗ್ಯಾಕ್ಸ್ ತನಗೆ ಪ್ರೇರಣೆಯಾದ ಪುಸ್ತಕಗಳ ಪಟ್ಟಿ ಕೊಟ್ಟಿದ್ದಾರೆ. ಪಟ್ಟಿಗೆ ಮೊದಲು ಅವರು ನೆನೆಯುವುದು ಯಾವ ಲೇಖಕನನ್ನೂ ಅಲ್ಲ, ತನ್ನ ತಂದೆಯನ್ನು. ಸ್ವಿಜರ್ಲೆಂಡಿನಿಂದ ಬಂದು ನೆಲೆಸಿದ್ದ ಆ ತಂದೆ ಪಿಟೀಲು ವಾದಕರು. ಮಗ ಚಿಕ್ಕವನಿರುವಾಗ ಗಂಟೆಗಟ್ಟಲೆ ಕುಳಿತು, ಆಗಿಂದಾಗ್ಗೆ ಕಟ್ಟಿದ ಕತೆಗಳನ್ನು ಅವನಿಗೆ ಹೇಳುತ್ತಿದ್ದರಂತೆ. ತನ್ನ ಕೆಲಸಕ್ಕೆಲ್ಲ ಅದೇ ಮೂಲ ಎಂದು ಮಗ ಬರೆದ. ಹ್ಯಾರಿಹೌಸನ್ನನ ಗೊಂಬೆಗಳ ಒಳಗೆ ತಂದೆ ಕಡೆದ ಕೀಲುಗಳಿದ್ದುವು. ರೈಸ್‌ವಿಟ್ಸ್ ತಂದೆಯ ಮೇಜಿನಿಂದಲೇ ಮಗನ ಭೂಪಟ ಹುಟ್ಟಿತು. ನಾವು ತೆರೆಯ ಮೇಲೆ ಏಟುಗಳನ್ನು ಮಾತ್ರ ನೋಡುತ್ತೇವೆ. ಅದರ ಹಿಂದೆ ಯಾರೋ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಹೊತ್ತು ಕಾಣುವುದಿಲ್ಲ.

ಇದನ್ನು ಓದಿದಾಗ ನನ್ನ ಲೆಕ್ಕವನ್ನೂ ತೆಗೆದು ನೋಡಬೇಕಾಯಿತು. ಗಡಿಯಲ್ಲಿರುವ ನಾವು, ಮಕ್ಕಳಿಗೆ ಕನ್ನಡ ಉಳಿಯಲಿಲ್ಲ, ನಮ್ಮ ಕತೆ ಗೊತ್ತಿಲ್ಲ ಎಂದು ಸಭೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ನಾನೂ ಭಾಷಣ ಮಾಡಿದವನೇ. ಆದರೆ ಮಗನಿಗೆ ಆರೇಳು ವರ್ಷವಿದ್ದಾಗ ನನಗೆ ದೂರದ ಶಾಖೆಗೆ ವರ್ಗ. ರಾತ್ರಿ ಮನೆಗೆ ಬರುವಾಗ ಅವನು ಮಲಗಿರುತ್ತಿದ್ದ. ಎಚ್ಚರವಿದ್ದ ದಿನ “ಅಪ್ಪಾ, ಒಂದು ಕತೆ” ಎಂದರೆ “ಈಗ ಹೊತ್ತಿಲ್ಲ ಮಗಾ, ನಾಳೆ” ಎನ್ನುತ್ತಿದ್ದೆ. ಅಂತಹ ನಾಳೆಗಳನ್ನು ಒಟ್ಟು ಹಾಕಿದರೆ ಎಷ್ಟಾದೀತೋ! ಅವನ ಕಣ್ಣು ತುಂಬಿದ ಕಾಳಗಗಳು ಚೀನದಿಂದಲೂ ಅಮೆರಿಕದಿಂದಲೂ ಬಂದುವೆಂದರೆ ಅದರಲ್ಲಿ ಅವನ ತಪ್ಪೇನು? ಅಲ್ಲಿಯವರು ಹೊತ್ತು ಕೊಟ್ಟರು, ಅವನು ತೆಗೆದುಕೊಂಡ.

ಅಂದು ಸಂಜೆ ಮಳೆ ಬಿಡುವಾಗ ನಾಲ್ವರೂ ಮೆಟ್ಟಿಲು ಹತ್ತಿ ಮೇಲಿನ ಬಾಗಿಲಿಗೆ ತಲುಪಿದ್ದರು. ಬಾಗಿಲು ಕಾಯುವ ಮುದುಕನೊಬ್ಬ ಅಲ್ಲಿ ಇರಬೇಕಿತ್ತು. ಆ ಪಾತ್ರಕ್ಕೆ ಮಾತು ಕಟ್ಟಲು ಮಗನಿಗೆ ತೋಚಲಿಲ್ಲ. “ಅಪ್ಪಾ, ನೀವು ಹೇಳುತ್ತೀರಾ?” ಎಂದು ಕೇಳಿದ. ಕೈಗೆ ಇಪ್ಪತ್ತು ಮುಖದ ದಾಳವನ್ನೂ ಕೊಟ್ಟ. ಅದನ್ನು ಹಾಗೇ ಮೇಜಿನ ಮೇಲಿಟ್ಟು ನಾನು ಕುರ್ಚಿ ಎಳೆದುಕೊಂಡೆ. ಎಷ್ಟೋ ವರ್ಷಗಳ ಹಿಂದೆ ಕೂಟದಲ್ಲಿ ಕೇಳಿದ ಅಂಗದನ ಸಂಧಾನದ ನೆನಪಿನಲ್ಲಿ, ಗಂಟಲು ಸರಿಮಾಡಿಕೊಂಡು, ಯಾರು ನೀವು, ಯಾರ ಕಡೆಯವರು, ಇಷ್ಟು ಜನರನ್ನು ಹೊಡೆದು ಬಂದದ್ದು ಯಾವ ಕಾರಣಕ್ಕೆ ಎಂದು ಕೇಳಿದೆ. ನಾಲ್ವರೂ ಮುಖ ಮುಖ ನೋಡಿಕೊಂಡರು. ಕಾರಣವನ್ನು ಅವರು ಯೋಚಿಸಿಯೇ ಇರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ಆರು ಸೆಕೆಂಡಿನ ಆ ಒಂದು ಸುತ್ತು ಮುಗಿಯುವಾಗ ಚಾವಡಿಯಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.